ಬಯಲಲ್ಲಿ ಡಚ್ ಓವನ್ ಕೂಟ: ಎಲ್ಲಾ ಮುಚ್ಚಳ ಒಂದೇ ಹೊತ್ತಿಗೆ ತೆಗೆಯೋದು ಹೇಗೆ?

ಹೊಂಗೆನೆರಳು
ಎಲ್ರಿಗೂ ನಮಸ್ಕಾರ, ಸಲಹೆ ಬೇಕಿತ್ತು, ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಪೂರ್ತಿ ಓದಿ. ನಾವು ಗೆಳೆಯರು, ಅವರ ಮನೆಯವರು, ಮಕ್ಕಳು ಎಲ್ಲಾ ಸೇರಿ ಸುಮಾರು 25 ಜನ. ಬಯಲಲ್ಲಿ ಡಚ್ ಓವನ್ ಅಡುಗೆ ಕೂಟ ಶುರು ಮಾಡಿದ್ದೀವಿ, ಅಂದ್ರೆ ತಳದ ಕೆಳಗೂ ಮುಚ್ಚಳದ ಮೇಲೂ ಕೆಂಡ ಹಾಕಿ ಬೇಯಿಸೋ ದಪ್ಪ ಪಾತ್ರೆ. ಒಟ್ಟು ಏಳು ಓವನ್ ಇದೆ, ಐದು 12 ಇಂಚಿಂದು, ಎರಡು 10 ಇಂಚಿಂದು, ಎಲ್ಲಾ ಮೂರು ಕಾಲಿನ ಬೀಡಿನ (ಎರಕದ ಕಬ್ಬಿಣದ) ಪಾತ್ರೆಗಳೇ.

ಹೋದ ಸಲ ಮೊದಲನೇ ಕೂಟ. ಒಂದೊಂದು ಅಡುಗೆ ಬೇರೆ ಬೇರೆ ನೋಡಿದ್ರೆ ಪರವಾಗಿರ್ಲಿಲ್ಲ, ಆದ್ರೆ ಕೂಟವೇ ಕೆಟ್ಟೋಯ್ತು. ಬ್ರೆಡ್ಡು 12 ಗಂಟೆಗೇ ರೆಡಿ, ಸ್ಟ್ಯೂ ಆಗಿದ್ದು 3 ಗಂಟೆಗೆ, ಕೋಳಿ ಅದಕ್ಕಿಂತ ತಡ. ಮಕ್ಕಳು ಹಸಿದು ಬ್ರೆಡ್ಡೆಲ್ಲಾ ಖಾಲಿ ಮಾಡಿದ್ರು, ಸ್ಟ್ಯೂ ಬಂದಾಗ ಜೊತೆಗೆ ಏನೂ ಇರ್ಲಿಲ್ಲ. ಯಾರೋ ಅವಸರದಲ್ಲಿ ಮುಚ್ಚಳ ತೆಗೆಯೋಕೆ ಹೋಗಿ ಬೂದಿ ಅಷ್ಟೂ ಆಲೂಗಡ್ಡೆ ಮೇಲೆ ಬಿತ್ತು. ಕೇಕ್ ಕೆಳಗಡೆ ಸೀದು ಕರಕಲಾಗಿತ್ತು, ಮೇಲೆ ಇನ್ನೂ ಹಸಿ ಹಿಟ್ಟು. ನನಗೆ ಎಲ್ಲಕ್ಕಿಂತ ಬೇಜಾರಾಗಿದ್ದು ಏನಂದ್ರೆ ಅಡುಗೆಗೆ ನಿಂತ ಏಳೂ ಜನ ಬೆಳಗ್ಗೆಯಿಂದ ಸಂಜೆವರೆಗೂ ಕೆಂಡದ ಹತ್ರಾನೇ ಇದ್ರು, ಯಾರ ಜೊತೆನೂ ಕೂತು ನಾಲ್ಕು ಮಾತಾಡೋಕಾಗ್ಲಿಲ್ಲ. ಹಾಗಾದ್ರೆ ಸೇರಿದ್ದು ಯಾಕೆ?

ಮುಂದಿನ ತಿಂಗಳು ಮತ್ತೆ ಮಾಡ್ತಿದ್ದೀವಿ. ಇಂಥ ಕೂಟ ಮಾಡಿ ಅಭ್ಯಾಸ ಇರೋರು ಹೇಳಿ, ಏನು ಬದಲಾಯಿಸ್ಬೇಕು?

ಮೂರುಕಾಲು
ನಿಮ್ಮ ಅಡುಗೆಯೋರದ್ದು ತಪ್ಪೇನಿಲ್ಲ ಬಿಡಿ, ಬೆಂಕಿಗೆ ಯಜಮಾನ ಇರ್ಲಿಲ್ಲ ಅಷ್ಟೇ. ಏಳು ಜನ ಏಳು ಕಡೆ ಅವರವರದೇ ಇದ್ದಿಲು ಹೊತ್ತಿಸ್ಕೊಂಡಿರ್ತಾರೆ, ಹೌದೋ ಅಲ್ವೋ?

ಹೊಂಗೆನೆರಳು
ಹೌದು! ಅದೇ ಆಗಿದ್ದು. ಒಬ್ಬರದ್ದು ಹತ್ಕೊಳ್ಳೋಕೇ ಮುಕ್ಕಾಲು ಗಂಟೆ ಆಯ್ತು.

ಮೂರುಕಾಲು
ಹಂಗಾದ್ರೆ ಕೇಳಿ. ನಾವು ಎಷ್ಟೋ ಕೂಟ ಕೆಡಿಸ್ಕೊಂಡ ಮೇಲೆ ಕಲಿತಿದ್ದು ಇದು. ಒಬ್ಬರನ್ನ ಬರೀ ಕೆಂಡಕ್ಕೇ ಅಂತ ಬಿಡಿ, ಅವರ ಕೈಗೆ ಅಡುಗೆ ಕೊಡಲೇಬೇಡಿ. ಅವರ ಕೆಲಸ ಇಷ್ಟೇ, ಮೂರು ನಾಲ್ಕು ಚಿಮಣಿ (ಇದ್ದಿಲು ತುಂಬಿ ಕೆಳಗಿಂದ ಹೊತ್ತಿಸೋ ತಗಡಿನ ಕೊಳವೆ) ಇಟ್ಕೊಂಡು ಸರದಿ ಪ್ರಕಾರ ಇದ್ದಿಲು ಹೊತ್ತಿಸ್ತಾ ಇರೋದು, ಯಾರು ಕೇಳಿದ್ರೂ ರೆಡಿ ಕೆಂಡ ಸಿಗ್ಬೇಕು. ಒಂದು ಚಿಮಣಿ ಇದ್ದಿಲು ಅಂಚೆಲ್ಲಾ ಬೂದಿ ಬಣ್ಣಕ್ಕೆ ತಿರುಗೋಕೆ 15-20 ನಿಮಿಷ ಬೇಕು. ಅದಕ್ಕೆ ಮುಂಚೆ ತೆಗೆದು ಹಾಕಿದ್ರೆ ಹೊಗೆ ಜಾಸ್ತಿ ಶಾಖ ಕಮ್ಮಿ. ಒಂದ್ಸಲ ಹಾಕಿದ ಇದ್ದಿಲು ಉಂಡೆ (ಇದ್ದಿಲು ಪುಡಿ ಒತ್ತಿ ಮಾಡಿದ ಬ್ರಿಕೆಟ್) 45 ನಿಮಿಷದಿಂದ ಒಂದು ಗಂಟೆ ಕೆಲಸ ಮಾಡತ್ತೆ, ಗಾಳಿ ಇದ್ರೆ ಇನ್ನೂ ಬೇಗ ಮುಗಿಯತ್ತೆ. ಅಂದ್ರೆ ಎರಡೂವರೆ ಗಂಟೆ ಬೇಯೋ ಸ್ಟ್ಯೂಗೆ ಕಮ್ಮಿ ಅಂದ್ರೂ ಎರಡು ಸಲ ಹೊಸ ಕೆಂಡ ಬೇಕು. ನಿಮ್ಮ ಸ್ಟ್ಯೂ 3 ಗಂಟೆ ಆಗಿದ್ದು ಇಲ್ಲೇ ಅಂತ ನನ್ನ ಲೆಕ್ಕ, ಮಧ್ಯದಲ್ಲಿ ಕೆಂಡ ಸತ್ತೋಗಿರತ್ತೆ, ಹೊಸದು ಹೊತ್ತಿಸೋಕೆ ಮತ್ತೆ ಅರ್ಧ ಗಂಟೆ ಹೋಗಿರತ್ತೆ.

ಪಾತ್ರೆಪಗಡೆ
ಇದಕ್ಕೆ ನನ್ನದೂ ಒಂದು ಓಟು. ಬೆಂಕಿ ನೋಡ್ಕೊಳ್ಳೋರು ಒಬ್ಬರಿದ್ರೆ ಮಿಕ್ಕವರು ಕೂರ್ಬಹುದು.

ಎಣಿಕೆಅಕ್ಕ
ಕೇಕ್ ವಿಷಯ ನಾನು ಹೇಳ್ತೀನಿ. ಕೆಳಗೆ ಸೀದು ಮೇಲೆ ಹಸಿ ಅಂದ್ರೆ ಕೆಂಡ ಕೆಳಗೆ ಜಾಸ್ತಿ ಇತ್ತು, ಅದೂ ನಡುವಲ್ಲಿ ಗುಡ್ಡೆ ಹಾಕಿದ್ರಿ, ಸರೀನಾ? ಲೆಕ್ಕ ತುಂಬಾ ಸುಲಭ ಇದೆ. ಓವನ್ ಎಷ್ಟು ಇಂಚು ಅಗಲವೋ ಅದರ ಎರಡರಷ್ಟು ಇದ್ದಿಲು ಉಂಡೆ ಹಾಕಿದ್ರೆ ಒಳಗೆ ಹತ್ತಿರ ಹತ್ತಿರ 175 ಡಿಗ್ರಿ ಸೆಲ್ಸಿಯಸ್ ಬರತ್ತೆ. 12 ಇಂಚಿಗೆ 24. ಅದನ್ನ ಹಂಚೋದು ಹೇಗೆ ಅಂದ್ರೆ ಇಂಚಿಗೆ ಮೂರು ಕೂಡಿಸಿ ಮೇಲೆ, ಮೂರು ಕಳೆದು ಕೆಳಗೆ, ಅಂದ್ರೆ ಮೇಲೆ 15 ಕೆಳಗೆ 9. ನಿಮ್ಮ 10 ಇಂಚಿಗೆ ಮೇಲೆ 13 ಕೆಳಗೆ 7. ಬಿಸಿ ಜಾಸ್ತಿ ಬೇಕಾ, ಮೇಲೊಂದು ಕೆಳಗೊಂದು ಸೇರಿಸಿ, ಒಂದು ಜೊತೆಗೆ 14 ಡಿಗ್ರಿಯಷ್ಟು ಏರತ್ತೆ.

ಇದು ಬ್ರೆಡ್ಡು, ಕೇಕು ತರ ಬೇಕ್ ಮಾಡೋದಕ್ಕೆ. ಸ್ಟ್ಯೂ, ಸೂಪು ಕುದಿಸೋದಾದ್ರೆ ಉಲ್ಟಾ, ಕೆಳಗೆ ಜಾಸ್ತಿ ಮೇಲೆ ಕಮ್ಮಿ. ಹುರಿಯೋದು ಕರಿಯೋದಾದ್ರೆ ಎಲ್ಲಾ ಕೆಳಗೇ, ಮುಚ್ಚಳದ ಮೇಲೆ ಏನೂ ಬೇಡ. ಇಡಿ ಕೋಳಿ ತರದ್ದಕ್ಕೆ ಎರಡೂ ಕಡೆ ಹೆಚ್ಚುಕಮ್ಮಿ ಸಮ.

ಕೆಳಗಿನ ಕೆಂಡ ಯಾವತ್ತೂ ಅಂಚಿನ ಒಳಗಡೆಗೆ ಬಳೆ ತರ ಸುತ್ತ ಜೋಡಿಸಿ, ನಡುವೆ ಇಡ್ಲೇಬೇಡಿ. ಇನ್ನೊಂದು, ಕೇಕ್ ಮುಕ್ಕಾಲು ಬೆಂದ ಮೇಲೆ ಓವನ್ ಎತ್ತಿ ಕೆಳಗಿನ ಕೆಂಡ ಬಿಟ್ಟು ಪಕ್ಕಕ್ಕೆ ಇಟ್ಟುಬಿಡಿ, ಮಿಕ್ಕಿದ್ದು ಮೇಲಿನ ಕೆಂಡದಲ್ಲೇ ಆಗತ್ತೆ. ಬೀಡು ದಪ್ಪ ಇರೋದ್ರಿಂದ ತಳದ ಬಿಸಿ ಅಷ್ಟು ಬೇಗ ಇಳಿಯಲ್ಲ. ಇದನ್ನ ಶುರು ಮಾಡಿದ ಮೇಲೆ ನನ್ನ ಕೇಕ್ ಒಂದೂ ಸೀದಿಲ್ಲ.

ಸೌದಿಒಲಿ
ಅಕ್ಕಾರ, ತಪ್ಪು ತಿಳ್ಕೋಬ್ಯಾಡ್ರಿ, ಆದ್ರ ಈ ಎಣಿಸೂದು ನನಗ ಸರಿ ಕಾಣಂಗಿಲ್ಲ. ಒಂದು ಕಂಪನಿ ಉಂಡಿ ದೊಡ್ಡದು ಇರ್ತೈತಿ ಇನ್ನೊಂದು ಸಣ್ಣದು, ಹೊಸಾ ಕೆಂಡಕ್ಕ ಇರೂ ಕಾವು ಅರ್ಧ ಉರದದ್ದಕ್ಕ ಇರಂಗಿಲ್ಲ, ಮ್ಯಾಲೆ ಗಾಳಿ ಬ್ಯಾರೆ. ಹದಿನೈದು ಅಂತ ಎಣಿಸಿ ಕುಂತ್ರ ಆತೇನು? ನಾವು ಕಟ್ಟಿಗಿ ಸುಟ್ಟು ಅದರ ಕೆಂಡದಾಗನ ಮಾಡ್ತೀವಿ. ಮುಚ್ಚಳದ ಮ್ಯಾಲೆ ಅಂಗೈ ಹಿಡದ್ರ ಗೊತ್ತಾಗ್ತೈತಿ, ವಾಸನಿ ಬಂತಂದ್ರ ಗೊತ್ತಾಗ್ತೈತಿ. ಬ್ರೆಡ್ ವಾಸನಿ ಚೊಲೋ ಬರಾಕ ಹತ್ತಿದ್ರ ಹತ್ತು ನಿಮಿಷದಾಗ ಆತು ಅಂತ ಲೆಕ್ಕ.

ಎಣಿಕೆಅಕ್ಕ
ಅಣ್ಣ ನಿಮ್ಮ ಕೈಗೆ ಅಭ್ಯಾಸ ಇದೆ, ಒಪ್ತೀನಿ. ಆದ್ರೆ ಅವರ ಕೂಟದಲ್ಲಿ ಏಳು ಜನ ಅಡುಗೆಯೋರು, ಅದರಲ್ಲಿ ಎಷ್ಟು ಜನಕ್ಕೆ ಅಂಗೈ ಲೆಕ್ಕ ಗೊತ್ತಿರತ್ತೆ? ಎಣಿಕೆ ಅನ್ನೋದು ಶುರು ಮಾಡೋ ಜಾಗ. ಅಲ್ಲಿಂದ ಗಾಳಿ, ಚಳಿ, ಉಂಡೆ ಗಾತ್ರ ನೋಡ್ಕೊಂಡು ಒಂದೆರಡು ಹೆಚ್ಚುಕಮ್ಮಿ ಮಾಡ್ಕೊಳ್ಳಬೇಕು. ಏನೂ ಲೆಕ್ಕ ಇಲ್ಲದೆ ಸುರಿದ್ರೆ ಮೊದಲನೇ ಸಲದ ಕೇಕೇ ಆಗೋದು.

ಸೌದಿಒಲಿ
ಶುರು ಮಾಡಾಕ ಅಂದ್ರ ಒಪ್ಪಿದೆ. ಕಟ್ಟಿಗಿ ಕೆಂಡ ಬಳಸೂದಾದ್ರ ಗಟ್ಟಿ ಮರದ್ದ ಇರ್ಲಿ, ಮೆತ್ತನ ಮರ ಭರ್ರ್ ಅಂತ ಉರದು ಬೂದಿ ಆಗ್ತೈತಿ, ಕೆಂಡನ ನಿಲ್ಲಂಗಿಲ್ಲ. ಮತ್ತ ಬಣ್ಣ ಹಚ್ಚಿದ ಹಲಗಿ, ಪ್ಲೈವುಡ್ಡು ಒಟ್ಟ ಸುಡಬ್ಯಾಡ್ರಿ, ಅದರ ಹೊಗಿ ವಿಷ.

ನಿಧಾನಿ
ತಿರುಗಿಸೋದು ಯಾರೂ ಹೇಳ್ಲಿಲ್ವಲ್ಲ. ಪ್ರತಿ 10-15 ನಿಮಿಷಕ್ಕೆ ಪಾತ್ರೆ ಕಾಲು ಸುತ್ತು ಒಂದು ಕಡೆ, ಮುಚ್ಚಳ ಕಾಲು ಸುತ್ತು ಇನ್ನೊಂದು ಕಡೆ. ಎತ್ತಬೇಡಿ, ಕೂತಲ್ಲೇ ತಿರುಗಿಸಿ. ಒಂದೇ ಕೆಂಡ ಒಂದೇ ಜಾಗಕ್ಕೆ ಕಾಯಿಸಿದ್ರೆ ಅಲ್ಲಿ ಮಚ್ಚೆ ತರ ಸೀದೋಗತ್ತೆ.

ಹಸಿದಹೊಟ್ಟೆ
ಪ್ರಶ್ನೆ ಟೈಮಿಂದು ಆಗಿತ್ತು, ಎಲ್ಲಾ ಕೆಂಡ ಎಣಿಸ್ತಾ ಕೂತಿದ್ದೀರಿ. ಊಟದ ಹೊತ್ತು ಮೊದಲು ಗಟ್ಟಿ ಮಾಡಿ. ಒಂದೂವರೆ ಅಂದ್ರೆ ಒಂದೂವರೆ. ಅಲ್ಲಿಂದ ಹಿಂದಕ್ಕೆ ಎಣಿಸ್ಕೊಂಡು ಬನ್ನಿ. ನಾವು ಮಾಡೋದು ಹೀಗೆ: 10 ಗಂಟೆಗೆ ಮೊದಲನೇ ಚಿಮಣಿ ಹೊತ್ತಬೇಕು. ಹತ್ತೂವರೆ ಅಷ್ಟೊತ್ತಿಗೆ ಮಾಂಸದ ಸ್ಟ್ಯೂ ಕೆಂಡದ ಮೇಲೆ ಕೂತಿರ್ಬೇಕು, ಅದಕ್ಕೆ ಎರಡೂವರೆ ಗಂಟೆ ಹಿಡಿಯತ್ತೆ. ಇಡಿ ಕೋಳಿ ಇದ್ರೆ ಹನ್ನೊಂದೂವರೆಗೆ. ಆಲೂಗಡ್ಡೆ 12 ಗಂಟೆಗೆ. ಬ್ರೆಡ್ ಹಿಟ್ಟು ಪಾತ್ರೆ ಒಳಗೇ ಉಬ್ಬೋಕೆ ಬಿಟ್ಟಿರ್ತೀವಿ, ಅದು ಹನ್ನೆರಡೂ ಮುಕ್ಕಾಲಿಗೆ ಕೆಂಡಕ್ಕೆ. ಕೇಕು 1 ಗಂಟೆ ಮೇಲೆ, ಊಟ ಮುಗಿಯೋಷ್ಟೊತ್ತಿಗೆ ಬಿಸಿಬಿಸಿ ಸಿಗತ್ತೆ.

ಸ್ಟ್ಯೂ ಬೇಗ ಆದ್ರೆ ಗಾಬರಿ ಬೇಡ, ಮೇಲೆ ನಾಲ್ಕು ಕೆಳಗೆ ನಾಲ್ಕು ಕೆಂಡ ಬಿಟ್ಟು ಮುಚ್ಚಿಟ್ರೆ ಬಿಸಿ ಇರತ್ತೆ. ತಡ ಆದ್ರೆ ಮಾತ್ರ ಏನೂ ಮಾಡೋಕಾಗಲ್ಲ. ಅದಕ್ಕೇ ನಿಧಾನಕ್ಕೆ ಬೇಯೋದೆಲ್ಲಾ ಅರ್ಧ ಗಂಟೆ ಮುಂಚೇನೇ ಶುರು ಮಾಡಿ.

ಹೊಂಗೆನೆರಳು
ಇದನ್ನ ಹಾಗೇ ಕಾಪಿ ಮಾಡಿ ಗುಂಪಿಗೆ ಹಾಕ್ತೀನಿ. ನಾವು ಬಂದವರು ಬಂದ ಹಾಗೆ ಶುರು ಮಾಡಿದ್ವಿ, ಬ್ರೆಡ್ ತಂದೋರು ಮೊದಲು ಬಂದ್ರು ಅಂತ ಅವರೇ ಮೊದಲು ಇಟ್ರು.

ಬಿಳಿಬೂದಿ
ಬೂದಿ ಬಿದ್ದಿದ್ದಕ್ಕೆ ಪರಿಹಾರ: ಒಂದು ಸಣ್ಣ ಪೊರಕೆ. ಪ್ಲಾಸ್ಟಿಕ್ಕಿಂದು ಬೇಡ, ಕರಗತ್ತೆ. ಮುಚ್ಚಳ ಎತ್ತೋ ಮುಂಚೆ ಕೆಂಡನೆಲ್ಲಾ ಇಕ್ಕಳದಲ್ಲಿ ತೆಗೆದು ಬೂದಿ ಗುಡಿಸಿ ಆಮೇಲೆ ಎತ್ತಬೇಕು. ಎತ್ತುವಾಗ ವಾಲಿಸದೆ ನೇರ ಎತ್ತಿ, ಗಾಳಿ ನಿಮ್ಮ ಬೆನ್ನಿಗೆ ಬರೋ ಹಾಗೆ ನಿಂತು ಮುಚ್ಚಳನ ಮುಂದಕ್ಕೆ, ಪಾತ್ರೆಯಿಂದ ಆಚೆಗೆ ಒಯ್ಯಿರಿ. ಮುಚ್ಚಳ ಎತ್ತೋ ಕೊಕ್ಕೆ ಗಟ್ಟಿಯಾಗಿ ಕಚ್ಕೊಳ್ಳೋಂಥದ್ದು ತಗೊಳ್ಳಿ, ಬರೀ ಬಾಗಿಸಿದ ಸರಳಲ್ಲಿ ಎತ್ತಿದ್ರೆ ಮುಚ್ಚಳ ತೂಗಾಡತ್ತೆ. ಎತ್ತಿದ ಮುಚ್ಚಳನ ನೆಲದ ಮೇಲೆ ಇಡಬೇಡಿ, ಮಣ್ಣು ಅಂಟಿ ಅದೇ ಮತ್ತೆ ಪಾತ್ರೆಗೆ ಬೀಳತ್ತೆ. ಮೂರು ಕಾಲಿನ ಸಣ್ಣ ಸ್ಟ್ಯಾಂಡ್ ಇಟ್ಕೊಳ್ಳಿ.

ಮೂರುಕಾಲು
ಮತ್ತೆ ಸುಮ್ಸುಮ್ನೆ ತೆಗೆದು ನೋಡೋದು ನಿಲ್ಲಿಸಿ. ಒಂದೊಂದು ಸಲ ತೆಗೆದಾಗಲೂ ಒಳಗಿನ ಬಿಸಿ ಹೋಗತ್ತೆ, ಬಂದವರೆಲ್ಲಾ ಒಂದೊಂದ್ಸಲ ತೋರ್ಸಿ ತೋರ್ಸಿ ಅಂದ್ರೆ ಬ್ರೆಡ್ ಯಾವತ್ತೂ ಬೇಯಲ್ಲ.

ಚಿಕ್ಕಪುಟ್ಟ
ನನ್ನ ಹತ್ರ ಇರೋದು ಎನಾಮೆಲ್ ಲೇಪದ (ಗಾಜಿನಂಥ ನುಣುಪು ಪದರದ) ಡಚ್ ಓವನ್, ಕಾಲಿಲ್ಲ, ಮುಚ್ಚಳ ಗುಮ್ಮಟ ತರ ಇದೆ. ಅದನ್ನ ತಗೊಂಡು ಹೋಗ್ಬಹುದಾ ಇಂಥ ಕೂಟಕ್ಕೆ?

ಪಾತ್ರೆಪಗಡೆ
ಬೇಡ ಪುಟ್ಟ, ಅದು ಮನೆ ಒಲೆಗೆ. ಕೆಂಡದ ನೇರ ಶಾಖಕ್ಕೆ ಎನಾಮೆಲ್ ಬಿರುಕು ಬಿಟ್ಟು ಚಕ್ಕೆ ಏಳಬಹುದು. ಬಯಲಲ್ಲಿ ಬಳಸೋ ಕ್ಯಾಂಪ್ ಓವನ್ ಮುಚ್ಚಳ ಚಪ್ಪಟೆ ಇದ್ದು ಅಂಚಿಗೆ ಕಟ್ಟೆ ಕಟ್ಟಿದ ಹಾಗಿರತ್ತೆ, ಕೆಂಡ ಜಾರಬಾರ್ದು ಅಂತ. ಗುಮ್ಮಟದ ಮೇಲೆ ಕೆಂಡ ನಿಲ್ಲೋದೇ ಇಲ್ವಲ್ಲ. ಕಾಲು ಇರೋದೂ ಅದಕ್ಕೇ, ಕೆಂಡಕ್ಕೂ ತಳಕ್ಕೂ ಮಧ್ಯೆ ಗಾಳಿಗೆ ಜಾಗ ಬೇಕು, ಇಲ್ಲಾಂದ್ರೆ ಕೆಂಡ ಉಸಿರುಕಟ್ಟಿ ಆರಿಹೋಗತ್ತೆ.

ಹಗುರ
ಅಲ್ಯೂಮಿನಿಯಂದೂ ಬರತ್ತೆ, ನಾನು ಅದನ್ನೇ ಬಳಸೋದು. ಬೀಡಿಂದರ ಮೂರನೇ ಒಂದು ಭಾಗ ತೂಕ, ತುಕ್ಕಿಲ್ಲ, ಎಣ್ಣೆ ಸವರಿ ಕಾಯಿಸಿ ಪಳಗಿಸೋ ಗೋಜಿಲ್ಲ. ನನಗೆ ಸೊಂಟ ನೋವು, 12 ಇಂಚಿನ ಬೀಡಿನ ಓವನ್ ಖಾಲಿ ಇದ್ರೂ ಹತ್ತಿರ ಹತ್ತಿರ 9 ಕೆಜಿ, ತುಂಬಿದ ಮೇಲೆ ಎತ್ತೋಕಾಗಲ್ಲ.

ಸೌದಿಒಲಿ
ಅಲ್ಯೂಮಿನಿಯಂ ಕೆಂಡದಾಗ ಕರಗೂದಿಲ್ಲೇನ್ರಿ?

ಹಗುರ
ಅದು ಕರಗೋದು 660 ಡಿಗ್ರಿಗೆ. ಒಳಗೆ ಅಡುಗೆ ಇದ್ದು, ಲೆಕ್ಕದ ಕೆಂಡ ಇದ್ರೆ ಅಷ್ಟಕ್ಕೆ ಹೋಗಲ್ಲ. ಖಾಲಿ ಪಾತ್ರೆನ ದೊಡ್ಡ ಬೆಂಕಿ ಮೇಲೆ ಮರೆತುಬಿಟ್ರೆ ಹಾಳಾಗತ್ತೆ, ಅದು ನಿಜ. ಬಿಸಿ ಬೇಗ ಏರತ್ತೆ ಬೇಗ ಇಳಿಯತ್ತೆ, ಹಾಗಾಗಿ ಕೆಂಡ ಹತ್ರ ಗಮನ ಜಾಸ್ತಿ ಬೇಕು. ಹುಳಿ ಹಾಕಿದ ಅಡುಗೆ ಮಾತ್ರ ಇದರಲ್ಲಿ ತುಂಬಾ ಹೊತ್ತು ಬೇಯಿಸ್ಬೇಡಿ.

ಎಣಿಕೆಅಕ್ಕ
ಹುಳಿ ಬೀಡಿಗೂ ಆಗಲ್ಲ. ಟೊಮೇಟೊ ತುಂಬಾ ಹಾಕಿ ಮೂರು ಗಂಟೆ ಕುದಿಸಿದ್ರೆ ಪಳಗಿದ ಪದರ ಎದ್ದು ಅಡುಗೆಗೆ ಕಬ್ಬಿಣದ ರುಚಿ ಬರತ್ತೆ. ಟೊಮೇಟೊ ಕೊನೇ ಅರ್ಧ ಗಂಟೆಗೆ ಹಾಕಿ.

ಹಳೇಪುಸ್ತಕ
ಸ್ವಲ್ಪ ವಿಷಯ ಬಿಟ್ಟು ಹೋಗ್ತೀನಿ, ಕ್ಷಮಿಸಿ. ಇದಕ್ಕೆ ಡಚ್ ಅಂತ ಯಾಕೆ ಹೆಸರು ಬಂತು ಯಾರಿಗಾದ್ರೂ ಗೊತ್ತಾ? ಇಂಗ್ಲೆಂಡಿನ ಅಬ್ರಹಾಂ ಡಾರ್ಬಿ 1707ರಲ್ಲಿ ಮರಳಿನ ಅಚ್ಚಲ್ಲಿ ಕಬ್ಬಿಣದ ಪಾತ್ರೆ ಎರಕ ಹೊಯ್ಯೋದಕ್ಕೆ ಪೇಟೆಂಟ್ ತಗೊಂಡ. ಮರಳಿನ ಅಚ್ಚಿನ ಕೆಲಸ ಡಚ್ಚರಿಂದ ಕಲಿತಿದ್ದು, ಅದಕ್ಕೇ ಈ ಹೆಸರು ಅನ್ನೋದು ಹೆಚ್ಚು ಜನ ಹೇಳೋ ಕಥೆ. ಅಮೆರಿಕದಲ್ಲಿ ಪಶ್ಚಿಮಕ್ಕೆ ವಲಸೆ ಹೋದವರ ಗಾಡಿಗಳಲ್ಲೆಲ್ಲಾ ಇದೇ ಪಾತ್ರೆ ಇರ್ತಿತ್ತು. ಯೂಟಾ ರಾಜ್ಯದವರು 1997ರಲ್ಲಿ ಇದನ್ನ ರಾಜ್ಯದ ಅಧಿಕೃತ ಅಡುಗೆ ಪಾತ್ರೆ ಅಂತಾನೇ ಘೋಷಿಸಿದ್ರು. ರಾಜ್ಯಕ್ಕೆ ಒಂದು ಹಕ್ಕಿ, ಒಂದು ಹೂವು ಇರೋ ಹಾಗೆ ಒಂದು ಪಾತ್ರೆ ಇರೋದು ನನಗೆ ತುಂಬಾ ಇಷ್ಟ ಆಯ್ತು.

ಹಸಿದಹೊಟ್ಟೆ
ಚೆನ್ನಾಗಿದೆ! ಒಂದೇ ಪಾತ್ರೆಲಿ ಕುದಿಸೋದು, ಕರಿಯೋದು, ಬೇಕ್ ಮಾಡೋದು ಎಲ್ಲಾ ಆಗತ್ತೆ ಅಂದ್ರೆ ಗಾಡಿಲಿ ಇಟ್ಕೊಂಡಿದ್ದು ಸುಮ್ನೆ ಅಲ್ಲ.

ನಿಧಾನಿ
ವಾಪಸ್ ಬರೋಣ. ನಿಮ್ಮ ಜಾಗ ಹೇಗಿದೆ ಹೊಂಗೆನೆರಳು? ಹುಲ್ಲಾ, ಮಣ್ಣಾ, ಸಿಮೆಂಟಾ? ಗಾಳಿ ಬರತ್ತಾ?

ಹೊಂಗೆನೆರಳು
ಹುಲ್ಲು, ಒಂದು ಕಡೆ ಸಿಮೆಂಟ್ ಕಟ್ಟೆ ಇದೆ. ಮಧ್ಯಾಹ್ನ ಗಾಳಿ ಜೋರಾಗೇ ಬರತ್ತೆ. ಬಿಸಿಲಿಗೆ ಅಂತ ಒಂದು ಟೆಂಟ್ ಹಾಕ್ತೀವಿ, ಅದರೊಳಗೇ ಅಡುಗೆ ಮಾಡಿದ್ರೆ ಗಾಳಿ ತಪ್ಪತ್ತಲ್ವಾ ಅಂತ ಯೋಚಿಸ್ತಿದ್ದೆ.

ನಿಧಾನಿ
ಟೆಂಟ್ ಒಳಗೆ ಬೇಡ, ಬೇಡವೇ ಬೇಡ. ಇದ್ದಿಲು ಉರಿದಾಗ ಕಾರ್ಬನ್ ಮೋನಾಕ್ಸೈಡ್ ಬರತ್ತೆ, ಅದಕ್ಕೆ ವಾಸನೆ ಇಲ್ಲ ಬಣ್ಣ ಇಲ್ಲ, ಹೊಗೆ ನಿಂತು ಬರೀ ಕೆಂಡ ಆದ ಮೇಲೂ ಬರ್ತಾನೇ ಇರತ್ತೆ. ತಲೆನೋವು, ತಲೆಸುತ್ತು ಅನ್ನೋಷ್ಟರಲ್ಲಿ ಎಚ್ಚರ ತಪ್ಪತ್ತೆ. ಟೆಂಟು, ಕಾರು, ಶೆಡ್ಡು, ಗ್ಯಾರೇಜು ಎಲ್ಲೂ ಇದ್ದಿಲು ಹೊತ್ತಿಸ್ಬಾರ್ದು, ಮಿಕ್ಕಿದ ಕೆಂಡ ಚಳಿಗೆ ಅಂತ ಒಳಗೆ ತಂದಿಡಬಾರ್ದು. ಜೀವ ಹೋಗೋ ವಿಷಯ ಇದು, ನಿಮ್ಮ ಗುಂಪಲ್ಲಿ ಎಲ್ರಿಗೂ ಹೇಳಿ.

ಗಾಳಿಗೆ ಮರೆ ಬೇಕಂದ್ರೆ ತಗಡಿನ ಹಾಳೆ ಮೂರು ಕಡೆ ನಿಲ್ಲಿಸಿ, ಮೇಲೆ ತೆರೆದೇ ಇರ್ಲಿ. ಗಾಳಿ ಬಡಿಯೋ ಕಡೆ ಕೆಂಡ ಬೇಗ ಉರಿಯತ್ತೆ, ಬಿಸಿ ಇನ್ನೊಂದು ಕಡೆಗೆ ತಳ್ಳತ್ತೆ, ಬ್ರೆಡ್ ಒಂದು ಪಕ್ಕ ಕಪ್ಪು ಇನ್ನೊಂದು ಪಕ್ಕ ಬಿಳಿ ಆಗೋದು ಅದರಿಂದಾನೇ.

ಹುಲ್ಲಿನ ಮೇಲೂ ಬೇಡ, ಒಣ ಹುಲ್ಲಾದ್ರೆ ಹತ್ಕೊಳ್ಳತ್ತೆ, ಹಸಿ ಇದ್ರೆ ಸುಟ್ಟು ಬೋಳಾಗತ್ತೆ. ಸಿಮೆಂಟ್ ಮೇಲೆ ನೇರ ಕೆಂಡ ಹಾಕಿದ್ರೆ ಅದರೊಳಗಿನ ತೇವ ಆವಿಯಾಗಿ ಚಟ್ ಅಂತ ಚಕ್ಕೆ ಸಿಡಿಯತ್ತೆ. ಕಬ್ಬಿಣದ ಮೇಜು ಸಿಕ್ಕಿದ್ರೆ ಅತ್ಯುತ್ತಮ, ಬಗ್ಗೋದೂ ತಪ್ಪತ್ತೆ. ಇಲ್ಲಾಂದ್ರೆ ಇಟ್ಟಿಗೆ ಜೋಡಿಸಿ ಮೇಲೆ ದಪ್ಪ ತಗಡು ಹಾಸಿ.

ಹೊಂಗೆನೆರಳು
ಹೇಳಿದ್ದು ಒಳ್ಳೇದಾಯ್ತು. ಟೆಂಟ್ ಊಟಕ್ಕೆ ಮಾತ್ರ, ಅಡುಗೆ ದೂರ.

ಇಬ್ಬರಮ್ಮ
ಮಕ್ಕಳ ಬಗ್ಗೆ ಯಾರೂ ಮಾತಾಡಿಲ್ಲ. ಅಡುಗೆ ಜಾಗಕ್ಕೆ ಸುತ್ತ ಹಗ್ಗ ಕಟ್ಟಿ, ಕಣ್ಣಿಗೆ ಕಾಣೋ ಬಣ್ಣದ್ದು. ಬೀಡಿನ ಪಾತ್ರೆ ಬಿಸಿ ಇದ್ರೂ ತಣ್ಣಗಿದ್ರೂ ಒಂದೇ ತರ ಕಪ್ಪಗೆ ಕಾಣತ್ತೆ, ಮಕ್ಕಳಿಗೆ ಹೇಗೆ ಗೊತ್ತಾಗ್ಬೇಕು? ನಮ್ಮ ಕೂಟದಲ್ಲಿ ಒಬ್ಬ ಹುಡುಗ ಪಕ್ಕಕ್ಕಿಟ್ಟ ಮುಚ್ಚಳ ಮುಟ್ಟಿ ಅಂಗೈ ಸುಟ್ಕೊಂಡ. ಆವತ್ತಿಂದ ನಾವು ಬಿಸಿ ಇರೋ ಮುಚ್ಚಳದ ಮೇಲೆಲ್ಲಾ ಒಂದು ಚಿಟಿಕೆ ಹಿಟ್ಟು ಉದುರಿಸಿ ಗುರುತು ಮಾಡ್ತೀವಿ, ಬಿಳಿ ಇದ್ರೆ ಮುಟ್ಟಬೇಡ ಅಂತ. ಸುಟ್ರೆ ತಕ್ಷಣ ಹರಿಯೋ ತಣ್ಣೀರಿಗೆ 20 ನಿಮಿಷ ಹಿಡೀಬೇಕು. ಐಸು, ಬೆಣ್ಣೆ, ಪೇಸ್ಟು ಏನೂ ಹಚ್ಚಬಾರ್ದು. ಅಡುಗೆಯೋರು ಚರ್ಮದ ಕೈಗವಸು, ಪೂರ್ತಿ ಮುಚ್ಚೋ ಶೂ ಹಾಕ್ಕೊಳ್ಲಿ. ಚಪ್ಪಲಿಲಿ ಕೆಂಡದ ಹತ್ರ ನಿಲ್ಲೋದು ನೋಡಿದ್ರೆ ನನಗೆ ಎದೆ ಝಲ್ ಅನ್ನತ್ತೆ.

ಬಿಳಿಬೂದಿ
ಮಕ್ಕಳನ್ನ ದೂರ ಇಡೋದರ ಜೊತೆಗೆ ಅವರಿಗೂ ಒಂದು ಕೆಲಸ ಕೊಡಿ. ಬ್ರೆಡ್ ಉಂಡೆ ಕಟ್ಟೋದು, ಪಾತ್ರೆಗಳಿಗೆ ಚೀಟಿ ಬರೆಯೋದು. ನಮ್ಮಲ್ಲಿ ಅವರವರ ಉಂಡೆ ಪಾತ್ರೇಲಿ ಎಲ್ಲಿದೆ ಅಂತ ನೆನಪಿಟ್ಕೊಂಡು ಕಾಯ್ತಾ ಇರ್ತಾರೆ.

ಪಾತ್ರೆಪಗಡೆ
ಚೀಟಿ ತುಂಬಾ ಮುಖ್ಯ. ಏಳು ಕಪ್ಪು ಪಾತ್ರೆ ಸಾಲಾಗಿಟ್ರೆ ಯಾವುದರಲ್ಲಿ ಮಾಂಸ, ಯಾವುದು ಸಸ್ಯಾಹಾರಿ, ಯಾವುದರಲ್ಲಿ ಕಡಲೆಕಾಯಿ, ಹಾಲು, ಮೊಟ್ಟೆ, ಗೋಧಿ ಇದೆ ಅಂತ ಹೇಗೆ ತಿಳಿಯೋದು? ಒಬ್ಬೊಬ್ಬರಿಗೆ ಅಲರ್ಜಿ ಇರತ್ತೆ. ಮತ್ತೆ ಪ್ರತಿ ಪಾತ್ರೆಗೂ ಅದರದ್ದೇ ಸೌಟು, ಮಾಂಸದ ಸೌಟು ತರಕಾರಿಗೆ ಹೋಗಬಾರ್ದು. ಪಳಗಿದ ಬೀಡಿಗೆ ಹಿಂದಿನ ಅಡುಗೆ ವಾಸನೆ ಸ್ವಲ್ಪ ಉಳಿಯತ್ತೆ, ಅದಕ್ಕೇ ಮಾಂಸ ತಿನ್ನದೇ ಇರೋರು ಇದ್ರೆ ಒಂದೆರಡು ಓವನ್ ಯಾವತ್ತಿಗೂ ತರಕಾರಿಗೇ ಅಂತ ಬಿಟ್ಟುಬಿಡಿ. ಅವರು ಸಂಕೋಚ ಇಲ್ಲದೆ ಉಣ್ಣೋ ಹಾಗಿರ್ಬೇಕು.

ಕುದಿಬಿಂದು
ಆರೋಗ್ಯದ ಎರಡು ಮೂರು ಮಾತು. ಕೋಳಿ ಒಳಗೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ಕೊಚ್ಚಿದ ಮಾಂಸ 71. ಚುಚ್ಚಿ ನೋಡೋ ಥರ್ಮಾಮೀಟರ್ ಒಂದು ಇಡೀ ಗುಂಪಿಗೆ ಸಾಕು, ತಗೊಳ್ಳಿ. ಬಣ್ಣ ನೋಡಿ ಬೆಂದಿದೆ ಅನ್ನಬೇಡಿ. ಹಸಿ ಮಾಂಸ ಐಸ್ ಪೆಟ್ಟಿಗೆಲಿ 5 ಡಿಗ್ರಿ ಒಳಗೆ ಇರ್ಬೇಕು, ಬೆಂದಿದ್ದು 60ರ ಮೇಲೆ ಇರ್ಬೇಕು. ಇವೆರಡರ ನಡುವೆ ಎರಡು ಗಂಟೆಗಿಂತ ಜಾಸ್ತಿ ಬಿಡಬಾರ್ದು, 32 ಡಿಗ್ರಿ ದಾಟಿದ ಬಿಸಿಲಲ್ಲಿ ಒಂದೇ ಗಂಟೆ. ಉಳಿದ ಅಡುಗೆ ಸಂಜೆಗಿರ್ಲಿ ಅಂತ ಆರಿದ ಪಾತ್ರೆಲೇ ಬಿಡೋದು ತುಂಬಾ ಕೂಟಗಳಲ್ಲಿ ನೋಡಿದ್ದೀನಿ.

ಇನ್ನೊಂದು, ಕೆಂಪು ರಾಜ್ಮಾ ಹಾಕೋರು ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಮನೇಲೇ ಅರ್ಧ ಗಂಟೆ ಕೊತಕೊತ ಕುದಿಸಿ ತನ್ನಿ. ಅದರಲ್ಲಿ ಸಹಜವಾಗಿ ಇರೋ ವಿಷ ಜೋರು ಕುದಿಗೆ ಮಾತ್ರ ಹೋಗೋದು, ಕೆಂಡದ ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಇಟ್ರೂ ಹೋಗಲ್ಲ, ವಾಂತಿ ಶುರುವಾಗತ್ತೆ. ಕೈ ತೊಳೆಯೋಕೆ ನಲ್ಲಿ ಇರೋ ನೀರಿನ ಕ್ಯಾನ್, ಸೋಪು ಅಡುಗೆ ಮೇಜಿನ ಪಕ್ಕದಲ್ಲೇ ಇರ್ಲಿ.

ಸೌದಿಒಲಿ
ರಾಜ್ಮಾದ್ದು ಗೊತ್ತ ಇರ್ಲಿಲ್ಲ ನನಗ. ನಾವು ನೆನಸಿ ಹಂಗ ಹಾಕ್ತಿದ್ವಿ. ಇನ್ಮ್ಯಾಲೆ ಕುದಿಸಿ ಒಯ್ತೀವಿ, ಉಪಕಾರ ಆತ್ರಿ.

ಚಿಕ್ಕಪುಟ್ಟ
ಇದ್ದಿಲು ಎಷ್ಟು ತರ್ಬೇಕು ಅನ್ನೋದು ಯಾರೂ ಹೇಳಿಲ್ಲ.

ಎಣಿಕೆಅಕ್ಕ
ಒಳ್ಳೇ ಪ್ರಶ್ನೆ. ಐದು 12 ಇಂಚಿಗೆ 24ರ ಲೆಕ್ಕದಲ್ಲಿ 120, ಎರಡು 10 ಇಂಚಿಗೆ 20ರಂತೆ 40, ಒಟ್ಟು 160. ಒಂದು ಉಂಡೆ ಹತ್ತಿರ 25 ಗ್ರಾಂ ಅಂತ ಇಟ್ಕೊಂಡ್ರೆ ಒಂದು ಸುತ್ತಿಗೆ 4 ಕೆಜಿ. ಉದ್ದ ಬೇಯೋದು ಮೂರು ಸುತ್ತು ತಿನ್ನತ್ತೆ, ಬ್ರೆಡ್ಡಿಗೆ ಒಂದೇ ಸಾಕು, ಸರಾಸರಿ ಎರಡು ಸುತ್ತು ಅಂದ್ರೆ 8 ಕೆಜಿ. ಗಾಳಿ ಇದೆ ಅಂದ್ರಲ್ಲ, 12 ಕೆಜಿ ತನ್ನಿ, ಉಳಿದ್ರೆ ಮುಂದಿನ ಸಲಕ್ಕಾಗತ್ತೆ, ತೇವ ಆಡದ ಹಾಗೆ ಇಡಿ. ಸೀಮೆಎಣ್ಣೆ ತರದ್ದು ಹೀರಿಸಿಟ್ಟ, ಕಡ್ಡಿ ಗೀರಿದ್ರೆ ಹತ್ತೋ ಉಂಡೆ ಬೇಡ, ಮಧ್ಯದಲ್ಲಿ ಹೊಸದು ಸೇರಿಸಿದಾಗ ಆ ವಾಸನೆ ಅಡುಗೆಗೆ ಇಳಿಯತ್ತೆ.

ಇದ್ದಿಲು ಉಳಿಸೋಕೆ ಒಂದು ದಾರಿ, ಓವನ್ ಮೇಲೆ ಓವನ್ ಪೇರಿಸೋದು. ದೊಡ್ಡದು ಕೆಳಗೆ, ಸಣ್ಣದು ಮೇಲೆ. ಕೆಳಗಿನದರ ಮುಚ್ಚಳದ ಕೆಂಡ ಮೇಲಿನದಕ್ಕೆ ತಳದ ಕೆಂಡ ಆಗತ್ತೆ.

ಬಿಳಿಬೂದಿ
ಪೇರಿಸೋದು ನೋಡೋಕೆ ಚೆಂದ, ಹೊಸಬರ ಕೂಟಕ್ಕೆ ನಾನು ಬೇಡ ಅಂತೀನಿ. ಕೆಳಗಿನದನ್ನ ನೋಡ್ಬೇಕಂದ್ರೆ ಮೇಲಿನದೆಲ್ಲಾ ಇಳಿಸ್ಬೇಕು. ಬಿಸಿ ಗೋಪುರ ವಾಲಿದ್ರೆ ಯಾರ ಕಾಲ ಮೇಲೆ ಬೀಳತ್ತೋ.

ಎಣಿಕೆಅಕ್ಕ
ಎರಡಕ್ಕಿಂತ ಜಾಸ್ತಿ ಪೇರಿಸ್ಬೇಡಿ ಅಂತ ಹೇಳ್ಬೇಕಿತ್ತು ನಾನು. ಅದೂ ಎರಡಕ್ಕೂ ಬೇಯೋಕೆ ಒಂದೇ ಹೊತ್ತು ಬೇಕಾಗೋ ಅಡುಗೆ ಆದ್ರೆ ಮಾತ್ರ.

ಅಜ್ಜಿಮನೆ
ತೊಳೆಯೋದರ ಬಗ್ಗೆ ಹೇಳ್ತೀನಿ, ಯಾಕಂದ್ರೆ ಕೂಟ ಮುಗಿದ ಮೇಲೆ ಅರ್ಧ ಪಾತ್ರೆ ಹಾಳಾಗೋದು ಆಗಲೇ. ಬಿಸಿ ಬೀಡಿಗೆ ತಣ್ಣೀರು ಸುರೀಬೇಡಿ, ಬಿರುಕು ಬಿಡತ್ತೆ. ಬೆಚ್ಚಗಿರುವಾಗ ಬಿಸಿನೀರು ಹಾಕಿ ಮರದ ಚಟ್ಟುಗದಲ್ಲಿ ಕೆರೆದು ತೊಳೆದು ಒರೆಸಿ, ಮತ್ತೆ ಮಿಕ್ಕ ಕೆಂಡದ ಮೇಲೆ ಒಂದೈದು ನಿಮಿಷ ಇಟ್ಟು ತೇವ ಪೂರ್ತಿ ಹೋದ ಮೇಲೆ ತೆಳ್ಳಗೆ ಎಣ್ಣೆ ಸವರಿ. ತೆಳ್ಳಗೆ ಅಂದ್ರೆ ಸವರಿ ಮತ್ತೆ ಒರೆಸಿಬಿಡಬೇಕು, ಜಾಸ್ತಿ ಆದ್ರೆ ಅಂಟಾಗತ್ತೆ, ಜಿಡ್ಡು ವಾಸನೆ ಬರತ್ತೆ. ಸೋಪು ಒಂದು ಹನಿಯೂ ಬೇಡ.

ಕುದಿಬಿಂದು
ಅಮ್ಮ, ಸೋಪು ಹಾಕ್ಬಹುದು. ಪಳಗಿದ ಪದರ ಅಂದ್ರೆ ಬರೀ ಎಣ್ಣೆ ಅಲ್ಲ, ಎಣ್ಣೆ ಕಾದು ಗಟ್ಟಿಯಾಗಿ ಕಬ್ಬಿಣಕ್ಕೆ ಕಚ್ಕೊಂಡಿರೋ ಪದರ, ಈಗಿನ ಮೆದು ಪಾತ್ರೆ ಸೋಪಿಗೆ ಅದು ಬಿಡಲ್ಲ. ಹಿಂದೆ ಕಾಸ್ಟಿಕ್ ಸೋಡಾ ಸೇರಿದ ಖಾರದ ಸೋಪಿಗೆ ಬಿಡ್ತಿತ್ತು, ಆ ಮಾತೇ ಉಳ್ಕೊಂಡಿದೆ. ನೆನೆಹಾಕಿ ರಾತ್ರಿಯೆಲ್ಲಾ ಬಿಡೋದು ತಪ್ಪು, ಅದಕ್ಕೆ ತುಕ್ಕು ಬರತ್ತೆ.

ಅಜ್ಜಿಮನೆ
ನನ್ನ ಅತ್ತೆ ಕಾಲದಿಂದ ಸೋಪು ಮುಟ್ಟಿಸಿಲ್ಲ, ಪಾತ್ರೆ ಕನ್ನಡಿ ತರ ಇದೆ. ನಾನು ಬದಲಾಯಿಸಲ್ಲಪ್ಪ, ನೀವು ಹಾಕ್ಕೊಳ್ಳಿ. ಇಡುವಾಗ ಮುಚ್ಚಳ ಬಿಗಿ ಮಾಡ್ಬೇಡಿ, ಒಂದು ಕಾಗದ ಮಡಚಿ ಅಂಚಿಗಿಟ್ಟು ಗಾಳಿ ಆಡೋಕೆ ಬಿಡಿ. ಇದನ್ನಾದ್ರೂ ಒಪ್ತೀರಾ?

ಕುದಿಬಿಂದು
ಇದನ್ನ ಪೂರ್ತಿ ಒಪ್ತೀನಿ.

ಮೂರುಕಾಲು
ಕೆಂಡ ಆರಿಸೋದು ಕೂಡ ಬೆಂಕಿ ನೋಡ್ಕೊಳ್ಳೋರ ಕೆಲಸ. ಬೂದಿ ಮೇಲೆ ತಣ್ಣಗೆ ಕಂಡ್ರೂ ಒಳಗೆ ಕೆಂಡ ಒಂದು ದಿನ ಬದುಕಿರತ್ತೆ. ಮುಚ್ಚಳ ಇರೋ ಕಬ್ಬಿಣದ ಬಕೆಟ್ಟಿಗೆ ತುಂಬಿ ನೀರು ಹಾಕಿ ಕಲಸಿ, ಮತ್ತೆ ನೀರು ಹಾಕಿ. ಪ್ಲಾಸ್ಟಿಕ್ ಕಸದ ಚೀಲಕ್ಕೆ ಹಾಕಿ ಕಾರಲ್ಲಿಟ್ಕೊಂಡು ಹೋಗೋರನ್ನ ನಾನೇ ತಡೆದಿದ್ದೀನಿ. ಹೋಗೋ ಮುಂಚೆ ಆ ಜಾಗದಲ್ಲಿ ಬೆಂಕಿ ಹಾಕೋಕೆ ಅನುಮತಿ ಇದೆಯಾ ಅಂತಾನೂ ವಿಚಾರಿಸಿ, ಒಣಗಾಲದಲ್ಲಿ ಬಯಲು ಬೆಂಕಿಗೆ ನಿಷೇಧ ಇರಬಹುದು.

ಹಸಿದಹೊಟ್ಟೆ
ನನ್ನದು ಕೊನೇ ಮಾತು. ಏಳು ಓವನ್ನಿಗೆ ಏಳು ಜನ ಬೇಡ. ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬರು ಗೊತ್ತಿರೋರು ಒಬ್ಬರು ಹೊಸಬರು. ಒಬ್ಬರು ಪಾತ್ರೆ ಹತ್ರ ಇದ್ದಾಗ ಇನ್ನೊಬ್ಬರು ಹೋಗಿ ಕೂತು ಮಾತಾಡ್ಲಿ. ಮತ್ತೆ ಯಾರು ಏನು ಮಾಡ್ತಾರೆ ಅಂತ ಒಂದು ವಾರ ಮುಂಚೆ ಬರೆದಿಟ್ಕೊಳ್ಳಿ, ಇಲ್ಲಾಂದ್ರೆ ನಾಲ್ಕು ಜನ ಕೇಕೇ ತರ್ತಾರೆ. ಪಾತ್ರೆ ಇಲ್ಲದವರಿಗೆ ತಟ್ಟೆ ಲೋಟ ಕುರ್ಚಿ ತನ್ನಿ ಸಾಕು ಅಂತ ಬಾಯಿಬಿಟ್ಟು ಹೇಳಿ, ಬರಿಗೈಲಿ ಹೋಗೋದು ಹೇಗೆ ಅಂತ ಸುಮಾರು ಜನ ಬರೋದೇ ಇಲ್ಲ.

ಹೊಂಗೆನೆರಳು
ಎಲ್ರಿಗೂ ತುಂಬಾ ಥ್ಯಾಂಕ್ಸ್. ಕೂಟ ಮುಗಿದ ಮೇಲೆ ಬಂದು ಬರೀತೀನಿ.

ಹೊಂಗೆನೆರಳು
ಬರೀತೀನಿ ಅಂದಿದ್ನಲ್ಲ, ನಿನ್ನೆ ಆಯ್ತು! 27 ಜನ ಬಂದಿದ್ರು. ನನ್ನ ಭಾವ ಬೆಂಕಿ ನೋಡ್ಕೊಂಡ್ರು, ಅಡುಗೆ ಮುಟ್ಟಲೇ ಇಲ್ಲ, ಮೂರು ಚಿಮಣಿ ಸರದಿಲಿ. ಯಾರೂ ಕೆಂಡಕ್ಕೆ ಕಾಯ್ಲಿಲ್ಲ. ಒಂದೂವರೆಗೆ ಅಂದುಕೊಂಡಿದ್ದು ಒಂದೂ ಮುಕ್ಕಾಲಾಯ್ತು, ಕೋಳಿ ಥರ್ಮಾಮೀಟರಲ್ಲಿ 68 ತೋರಿಸ್ತು, ಮತ್ತೆ ಕಾಲು ಗಂಟೆ ಇಟ್ವಿ. ಹಿಂದಿನ ತರ ಬಣ್ಣ ನೋಡಿ ತೆಗೆದಿದ್ರೆ ಹಸೀನೇ ಬಡಿಸ್ತಿದ್ವಿ. ಆಮೇಲೆ ಆರು ಪಾತ್ರೆ ಬೂದಿ ಗುಡಿಸಿ ಆರು ಜನ ಒಟ್ಟಿಗೆ ಮುಚ್ಚಳ ಎತ್ತಿದ್ವಿ, ಆ ಹಬೆ ಎದ್ದಾಗ ಮಕ್ಕಳೆಲ್ಲಾ ಹೋ ಅಂತ ಕೂಗಿದ್ರು. ಏಳನೇದು ಕೇಕು, ಊಟ ಮುಗಿಯೋ ಹೊತ್ತಿಗೆ ಬಂತು, ತಳ ಸೀದಿಲ್ಲ ಅಕ್ಕ!

ತೊಂದರೆ ಆಗಿದ್ದು ಒಂದೇ, ಬ್ರೆಡ್ ಹಿಟ್ಟು ಉಬ್ಬಿ ಮುಚ್ಚಳಕ್ಕೆ ಅಂಟ್ಕೊಂಡುಬಿಡ್ತು. 10 ಇಂಚಿನದರಲ್ಲಿ ತುಂಬಾ ಹಾಕಿದ್ದೆವು ಅನ್ಸತ್ತೆ.

ಎಣಿಕೆಅಕ್ಕ
ತುಂಬಾ ಸಂತೋಷ ಆಯ್ತು ಓದಿ. ಬ್ರೆಡ್ ಹಿಟ್ಟು ಪಾತ್ರೆಯ ಅರ್ಧಕ್ಕಿಂತ ಕಮ್ಮಿ ಇರ್ಲಿ, ಮುಚ್ಚಳದ ಒಳಗೂ ಎಣ್ಣೆ ಸವರಿ.

ಇಬ್ಬರಮ್ಮ
ಯಾರಿಗೂ ಸುಟ್ಟಿಲ್ಲ ತಾನೇ?

ಹೊಂಗೆನೆರಳು
ಇಲ್ಲ ಅಕ್ಕ, ಹಗ್ಗ ಕಟ್ಟಿದ್ವಿ, ಹಿಟ್ಟಿನ ಗುರುತೂ ಹಾಕಿದ್ವಿ. ಭಾವ ಕೊನೇಲಿ ಬೂದಿ ಬಕೆಟ್ಟಿಗೆ ಮೂರು ಸಲ ನೀರು ಹಾಕಿ ಕಲಸಿದ್ರು. ಮುಂದಿನ ಸಲ ಬೆಂಕಿ ನನ್ನ ಸರದಿ, ಅವರಿಗೆ ಅಡುಗೆ ಮಾಡೋ ಆಸೆ ಅಂತೆ.

ಸೌದಿಒಲಿ
ಅವರಿಗೆ ಬ್ರೆಡ್ಡ ಕೊಡ್ರಿ. ಬೆಂಕಿ ಹತ್ರ ಒಂದಿನಾ ಪೂರ್ತಿ ನಿಂತಾರಂದ್ರ ವಾಸನಿಲೆ ಗೊತ್ತಾಗ್ತೈತಿ ಅವರಿಗೆ ಯಾವಾಗ ತಗೀಬೇಕು ಅಂತ.